ವೂನಿಯ ಹಾದಿ ಕಾಯುವ ಸ್ತಮಾತಿಯಾ

ಗ್ರೀಸಿನ ಆಂಡ್ರೋಸ್ ದ್ವೀಪದ ಬೆಟ್ಟಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ. ಅರವತ್ತಮೂರರ ಸ್ತಮಾತಿಯಾ ಮಂಡಿಯೂರಿ ನೆಲವೆಲ್ಲ ತಡಕುತ್ತಿದ್ದಾರೆ. ಪಕ್ಕದಲ್ಲಿ ಕುಡುಗೋಲು, ಕೆಂಪು ಬಣ್ಣದ ಡಬ್ಬಿ. ಹಾದಿ ಕವಲೊಡೆಯುವ ಈ ಜಾಗದಲ್ಲಿ ಹೋದ ವಾರವಷ್ಟೇ ಕಲ್ಲೊಂದಕ್ಕೆ ದಾರಿಗುರುತಿನ ಕೆಂಪು ಬೊಟ್ಟಿಟ್ಟಿದ್ದರು. ಬೊಟ್ಟು ಅಳಿಸಿದ್ದಲ್ಲ, ಕಲ್ಲೇ ಮಾಯ!

ಹತ್ತು ಗಂಟೆಯ ಹಡಗಿಗೆ ಹತ್ತೊಂಬತ್ತು ಮಂದಿ ಚಾರಣಿಗರು ಬರುತ್ತಾರೆ. ಬಲಕ್ಕೆ ಹೊರಳಿದರೆ ವೂನಿ ಎಂಬ ಏಳು ಮನೆಗಳ ಊರು. ಎಡಕ್ಕೆ ಹೋದರೆ ಕೊರಕಲು. ಹೋದ ವರ್ಷ ಇಬ್ಬರು ಎಡಕ್ಕೆ ಹೋಗಿ ದಿನವಿಡೀ ಅಲೆದರು. ಇನ್ನೊಮ್ಮೆ ಯಾರಾದರೂ ದಾರಿ ತಪ್ಪಿದರೆ ಈ ಹಾದಿಯನ್ನೇ ನಕ್ಷೆಯಿಂದ ತೆಗೆಯುವುದಾಗಿ ಪುರಸಭೆ ಹೇಳಿದೆ.

ಸ್ತಮಾತಿಯಾ ಕೆಳಗಿನೂರಿನ ಶಾಲೆಯಲ್ಲಿ ಅಡುಗೆಯವರಾಗಿದ್ದರು. ಮಕ್ಕಳಿಲ್ಲದೆ ಶಾಲೆ ಮುಚ್ಚಿತು, ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಅವರ ತಾಯಿ ಹೇಸರಗತ್ತೆಯ ಮೇಲೆ ನಿಂಬೆಹಣ್ಣು ಹೇರಿಕೊಂಡು ಹೋಗುತ್ತಿದ್ದ ಕಲ್ಲುಹಾಸಿನ ಹಾದಿಯಿದು. ಡಾಂಬರು ರಸ್ತೆ ಬಂದದ್ದೇ ತಡ, ಊರು ಇದನ್ನು ಮುಳ್ಳುಕಂಟಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಆ ಕಂಟಿ ಕಡಿದು ಹಾದಿ ಬಿಡಿಸಲು ಸ್ತಮಾತಿಯಾಗೆ ಒಂಬತ್ತು ಚಳಿಗಾಲ ಹಿಡಿಯಿತು, ದಿನಕ್ಕೆ ನಾಲ್ಕು ಗಂಟೆಯ ಕೆಲಸ. ಒಳ್ಳೆಯ ದಿನ ನಲವತ್ತು ಹೆಜ್ಜೆ, ಕೆಟ್ಟ ದಿನ ಹತ್ತು.

"ರಸ್ತೇಲಿ ಬರೋರು ಊರು ನೋಡಿ ಹೋಗ್ತಾರೆ. ಹಾದೀಲಿ ಬರೋರು ಬಾಯಾರಿ ಬರ್ತಾರೆ, ಕೂತ್ಕೋತಾರೆ, ಮಾತಾಡ್ತಾರೆ," ಎನ್ನುತ್ತಾರೆ.

ಕಲ್ಲು ಕೊನೆಗೆ ಸಿಗುತ್ತದೆ. ಐವತ್ತು ಹೆಜ್ಜೆ ಕೆಳಗೆ, ಮೇಕೆ ಕಾಯುವ ಮುದುಕ ಜಾನ್ನಿಸ್‌ರ ದೊಡ್ಡಿಯ ಗೋಡೆಯಲ್ಲಿ, ಮದುಮಗಳ ಹಣೆಬೊಟ್ಟಿನಂತೆ ಹೊಳೆಯುತ್ತಿದೆ.

"ಜಾನ್ನಿಸ್ ಮಾವ, ಅದು ನನ್ನ ಕಲ್ಲು!"

"ಗಾಳಿ ಗೋಡೆ ಕೆಡವಿತ್ತು ಕಣಮ್ಮ. ಚಪ್ಪಟೆ ಕಲ್ಲು ಕಂಡಿತು, ತಂದಿಟ್ಟೆ. ಬಣ್ಣ ಬೇರೆ ಇತ್ತು, ಗೋಡೆಗೇ ಒಂದು ಕಳೆ ಬಂತು."

"ನಿನ್ನ ಕಳೆ ನೋಡ್ಕೊಂಡು ಜನ ದೊಡ್ಡಿಗೆ ನುಗ್ಗಲ್ವಾ?"

"ಗುರುವಾರವೇ ಇಬ್ಬರು ಬಂದ್ರು. ಚೀಸ್ ಕೊಟ್ಟೆ, ಬೆರಳು ನೆಕ್ಕಿದ್ರು. ನಿನ್ನ ವೂನಿಗಿಂತ ನನ್ನ ಮೇಕೆಗಳೇ ವಾಸಿ ಅಂತ ಅವರಿಗನ್ನಿಸಿರಬೇಕು."

ಕಲ್ಲು ಕಿತ್ತರೆ ಗೋಡೆ ಬೀಳುತ್ತದೆ, ಚಾರಣಿಗರಿಗಿಂತ ಮೊದಲು ಮೇಕೆಗಳೇ ವೂನಿ ಸೇರುತ್ತವೆ. ಜಾನ್ನಿಸ್ ಗೊಣಗುತ್ತಲೇ ಗೋಡೆಯ ಬೊಟ್ಟಿಗೆ ಸುಣ್ಣ ಬಳಿಯುತ್ತಾರೆ. ಸ್ತಮಾತಿಯಾ ಕವಲಿಗೆ ಓಡುತ್ತಾರೆ. ನೆಲಕ್ಕೆ ಬೇರೂರಿದ ಬಂಡೆಯೊಂದರ ಪಾಚಿ ಕೆರೆದು, ಸೆರಗಿಲ್ಲದ ಊರಾದ್ದರಿಂದ ತಲೆವಸ್ತ್ರದಲ್ಲೇ ಒರೆಸಿ, ಅಂಗೈಯಗಲದ ಬೊಟ್ಟಿಡುತ್ತಾರೆ.

"ತಪ್ಪು ನಂದೇ. ಎತ್ತೋಕಾಗೋ ಕಲ್ಲು ಈ ಊರಲ್ಲಿ ಒಂದು ಕಡೆ ನಿಲ್ಲುತ್ತಾ?"

ಕೆಳಗೆ ಹಡಗು ಕೂಗುತ್ತದೆ. ಗಂಟೆ ಕಳೆದ ಮೇಲೆ ಊರುಗೋಲುಗಳ ಟಕಟಕ. ಸ್ತಮಾತಿಯಾ ಕವಲಿನ ಪಕ್ಕದ ಮೋಟುಗೋಡೆಯ ಹಿಂದೆ ಅವಿತು ಕೂರುತ್ತಾರೆ. ಎಲ್ಲರಿಗಿಂತ ಮುಂದಿದ್ದವನು ಕವಲಿನಲ್ಲಿ ನಿಂತ. ಎಡಕ್ಕೆ ಒಂದು ಹೆಜ್ಜೆ ಇಟ್ಟೇಬಿಟ್ಟ! ಆಮೇಲೆ ಬಂಡೆ ನೋಡಿ, ಬಲಕ್ಕೆ ಹೊರಳಿದ. ಅವನ ಹಿಂದೆ ಹದಿನೆಂಟೂ ಮಂದಿ.

ಮೇಲೆ ವೂನಿಯಲ್ಲಿ, ಕಾಫಿ ಅಂಗಡಿಯ ಆಂಥೂಲಾ ಕೂಗುವುದು ಬೆಟ್ಟಕ್ಕೆಲ್ಲ ಕೇಳುತ್ತದೆ: "ಬಂದ್ರು! ನಡ್ಕೊಂಡೇ ಬಂದ್ರು! ಕುರ್ಚಿ ತನ್ರೋ!"

ಕೊನೆಯಲ್ಲಿ ಬಂದ ಅಥೆನ್ಸಿನ ಹೆಂಗಸೊಬ್ಬಳು ಗೆಳತಿಗೆ ಹೇಳುತ್ತಾ ಹೋದಳು: "ಎಷ್ಟು ಚಂದ ಉಳಿದಿದೆ ನೋಡು ಈ ಹಾದಿ, ಯಾರೂ ಕೈಯೇ ಇಟ್ಟಿಲ್ಲ!"

ಸ್ತಮಾತಿಯಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ.

"ಯಾರೂ ಕೈಯಿಟ್ಟಿಲ್ಲವಂತೆ. ಹಾಗಾದ್ರೆ ಕೆಲಸ ಚೆನ್ನಾಗೇ ಆಗಿದೆ ಅಂತಾಯ್ತು."