ಎಡಗೈ ಸೌಟಿನ ಸಾಲು

2024ರ ಜೂನ್‌ನಲ್ಲಿ ಜಾವಗಲ್ ಸಮೀಪದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಮಹಿಳೆಗೆ ನಾಳೆಯಿಂದ ಬರಬೇಡಿ ಎಂದು ಹೇಳಲಾಯಿತು. ಕಾರಣ, ನಾನು ಬರೆದ ಒಂದು ಸಾಲು. ಅವರನ್ನು ಇಲ್ಲಿ ಅಕ್ಕ ಎಂದಷ್ಟೇ ಕರೆಯುತ್ತೇನೆ.

ಶಾಲೆಗಳ ಅಡುಗೆಯವರ ದುಡಿಮೆ ಕುರಿತು ನಾನು ಗುಣಾತ್ಮಕ ಸಂಶೋಧನೆ ಮಾಡುತ್ತಿದ್ದೆ. ಅಂಕಿಸಂಖ್ಯೆಗಿಂತ ಜನರ ಮಾತು, ನಡವಳಿಕೆಗಳನ್ನು ಆಧರಿಸುವ ಅಧ್ಯಯನ ಅದು. ಅದಕ್ಕಾಗಿ ಮೈಂಡ್‌ಫುಲ್‌ನೆಸ್ ಅಭ್ಯಾಸ ಮಾಡಿಕೊಂಡಿದ್ದೆ: ಪ್ರಶ್ನೆ ಕೇಳುವ ಮುನ್ನ ಉಸಿರನ್ನು ಗಮನಿಸುವುದು, ಎದುರಿಗಿರುವುದನ್ನು ತೀರ್ಪು ಕೊಡದೆ ನೋಡುವುದು, ನೋಡಿದ್ದನ್ನು ಹಾಗೆಯೇ ಬರೆಯುವುದು.

ಅಡುಗೆಕೋಣೆಯಲ್ಲಿ ಮೂರು ದಿನ ಕುಳಿತೆ. ಮೊದಲೆರಡು ದಿನ ಅಕ್ಕ ಬಾಯಿಬಿಡಲಿಲ್ಲ. "ನೀವು ಸೊಪ್ಪು ಬಿಡ್ಸಕ್ಕೆ ಬಂದಿದ್ದೀರೋ, ಧ್ಯಾನ ಮಾಡಕ್ಕೋ?" ಎಂದು ನಕ್ಕರು, ಅಷ್ಟೆ. ಮೂರನೆಯ ದಿನ ಸಾರು ತಿರುವುತ್ತ ಹೇಳಿದರು: "ಹೆಡ್ ಮಾಸ್ಟ್ರ ಮನೆ ಪಾತ್ರೆನೂ ನಾನೇ ತಿಕ್ಕಬೇಕು ಕಣಮ್ಮ. ನನ್ನ ಹೆಸರು ಮಾತ್ರ ಹಾಕ್ಬ್ಯಾಡಿ. ಈ ಕೆಲ್ಸ ಹೋದ್ರೆ ನಂಗೆ ಇನ್ನೊಂದಿಲ್ಲ."

ಮಾತು ಕೊಟ್ಟೆ. ವರದಿಯಲ್ಲಿ ಹೆಸರು ಬದಲಿಸಿದೆ, ಊರು ಬದಲಿಸಿದೆ. 'ಎಡಗೈಯಲ್ಲಿ ಸೌಟು ಹಿಡಿದು ಸಾರು ತಿರುವುತ್ತ ಹೇಳಿದರು' ಎಂಬ ಸಾಲನ್ನು ಉಳಿಸಿಕೊಂಡೆ. ನಾನು ಗಮನವಿಟ್ಟು ನೋಡಿದ್ದಕ್ಕೆ ಅದೇ ಸಾಕ್ಷಿ ಎಂಬ ಹೆಮ್ಮೆ.

ಮೇ ತಿಂಗಳಲ್ಲಿ ಬೇಲೂರಿನ ಸಭೆಯೊಂದರಲ್ಲಿ ಆ ವರದಿಯನ್ನು ಓದಿದೆ. ಹಿಂದಿನ ಸಾಲಿನಲ್ಲಿದ್ದ ಶಿಕ್ಷಕರೊಬ್ಬರು ಪಕ್ಕದವರನ್ನು ತಿವಿದರು: "ಎಡಗೈ ಸೌಟಂತೆ ಕಣ್ಲಾ! ನಿಮ್ಮ ಸ್ಕೂಲ್ನೋರೇ ಅಲ್ವೇನ್ಲಾ?" ಸುತ್ತಲಿನವರು ನಕ್ಕರು. ಪಕ್ಕದವರು ನಗಲಿಲ್ಲ, ಅವರು ಅದೇ ಶಾಲೆಯವರು. ಓದು ನಿಲ್ಲಿಸಿದೆ. ಓದಬಾರದ್ದನ್ನು ಆಗಲೇ ಓದಿಯಾಗಿತ್ತು.

ಶಾಲೆ ತೆರೆದಾಗ ಕೆಲಸದಿಂದ ತೆಗೆದರೆಂದು ಅಕ್ಕ ಫೋನ್ ಮಾಡಿದರು. "ಅದು ಇವಳಲ್ಲ ಅಂತ ಒಂದು ಕಾಗ್ದ ಬರ್ಕೊಡಿ. ನೀವು ಓದಿದೋರು, ನಿಮ್ಮ ಮಾತು ನಂಬ್ತಾರೆ."

ಹಾಗೆ ಬರೆದರೆ ಅದು ಸುಳ್ಳು. ಜೊತೆಗೆ, ನಾನು ಮಾತಾಡಿಸಿದ್ದ ಬೇರೆ ಅಡುಗೆಯವರ ಮೇಲೆ ಅನುಮಾನ ತಿರುಗುತ್ತಿತ್ತು.

"ದೂರು ಕೊಡಲಾ ಅಕ್ಕ?" ಎಂದೆ.

"ಅಯ್ಯೋ ಬ್ಯಾಡಿ. ಹೇಳ್ದೋಳು ನಾನೇ ಅಂತ ನೀವೇ ತೋರಿಸ್ಕೊಟ್ಟಂಗಾಯ್ತದೆ."

ಎರಡನ್ನೂ ಬರೆಯಲಿಲ್ಲ. ಹಂಚಿದ್ದ ವರದಿಯ ಪ್ರತಿಗಳನ್ನು ಹಿಂದಕ್ಕೆ ಕೇಳಿದೆ, ಮೂರೇ ಬಂದವು.

ಈಗೀಗ ಏನೇ ಬರೆದರೂ, ಆ ಪುಟವನ್ನು ಮಾತಾಡಿದವರಿಗೇ ಮೊದಲು ಓದಿ ಹೇಳುತ್ತೇನೆ. ಇದನ್ನೂ ಅಕ್ಕನಿಗೆ ಓದಿದೆ. "ಹಾಕಿ. ಇನ್ನೇನೈತೆ ಹೋಗಕ್ಕೆ?" ಎಂದರು.

ಅಕ್ಕ ಈಗ ಅರಸೀಕೆರೆಯ ಹೋಟೆಲೊಂದರಲ್ಲಿ ಅಡುಗೆಗಿದ್ದಾರೆ. ಅಲ್ಲಿ ಸೌಟನ್ನು ಬಲಗೈಯಲ್ಲಿ ಹಿಡಿಯುತ್ತಾರೆ.