ರೈಟ್ ಅಂದರೆ ಯಾವ ರೈಟ್

ನಾರಾವಿ ಬಸ್ಸಿನ ಆ ಕಂಡಕ್ಟರನಿಗೆ ಎಲ್ಲದಕ್ಕೂ ಒಂದೇ ಶಬ್ದ. ಬಲಕ್ಕೆ ಸರಿಯಲು ರೈಟ್, ಮಾತು ಒಪ್ಪಿದರೆ ರೈಟ್, ಬಸ್ಸು ಹೊರಡಲೂ ರೈಟ್. ಜೊತೆಗೆ ತಗಡಿಗೆ ಎರಡು ಪೆಟ್ಟು.

ಒಮ್ಮೆ ನಾನು ಮಧ್ಯಾಹ್ನದೊಳಗೆ ಮೂಡುಬಿದಿರೆಯ ಕಣ್ಣಿನ ಡಾಕ್ಟರಲ್ಲಿಗೆ ಮುಟ್ಟಬೇಕಿತ್ತು. ಬೆಳ್ತಂಗಡಿಯಲ್ಲಿ, "ಮೂಡುಬಿದಿರೆಗಾ?" ಎಂದು ಕೇಳಿದೆ. "ರೈಟ್" ಎಂದ. ಹತ್ತಿದೆ. ಅದು ಡ್ರೈವರನಿಗೆ ಹೇಳಿದ್ದೆಂದು ತಿಳಿದದ್ದು ಬಸ್ಸು ನಾರಾವಿ ದಾರಿ ಹಿಡಿದ ಮೇಲೆ.

ನನ್ನನ್ನು ಇಳಿಸಲು ಅವನೂ ಇಳಿದ.

"ಬೋರ್ಡ್ ನೋಡ್ಬೇಕಲ್ಲ ಅಜ್ಜಿ?"

"ಬೋರ್ಡ್ ಕಾಣುವುದಾದ್ರೆ ಕಣ್ಣಿನ ಡಾಕ್ಟರ್ ಯಾಕೆ ಮಾರಾಯ? ನೀನು ಮಾಡಿದ್ದು ರೈಟಾ?"

"ರೈಟ್..." ಎಂದು ಗಟ್ಟಿಯಾಗಿ ಶುರುಮಾಡಿದ. "ಅಲ್ಲ" ಎನ್ನುವಷ್ಟರಲ್ಲಿ ಬಸ್ಸು ಹೊರಟೇ ಹೋಯಿತು.

ಆ ದಿನ ನನಗೆ ಡಾಕ್ಟರು ಸಿಗಲಿಲ್ಲ, ಅವನಿಗೆ ಬಸ್ಸು ಸಿಗಲಿಲ್ಲ.