ಟೋಪಿ ತೆಗೆಯದ ಮನುಷ್ಯ ಮತ್ತು ಒಂದು ಶುಕ್ರವಾರದ ರಜೆ

ಮಗಳ ಶಾಲೆಯ ಪ್ರಾಜೆಕ್ಟ್‌ಗಳಿಂದ ನಾನು ಕಲಿತಷ್ಟು ಕಾಲೇಜಿನಲ್ಲೂ ಕಲಿತಿಲ್ಲ. ಕಳೆದ ವರ್ಷ ಅವಳ ಪಾಲಿಗೆ ಬಂದವನು ಮುನ್ನೂರು ವರ್ಷಗಳಿಗೂ ಹಿಂದಿನ ಒಬ್ಬ ಇಂಗ್ಲಿಷ್ ಮನುಷ್ಯ. ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಪಾದ್ರಿ ಇಲ್ಲ, ಮೂರ್ತಿ ಇಲ್ಲ. ಬರಿಯ ಕೋಣೆಯಲ್ಲಿ ಎಲ್ಲರೂ ಸುಮ್ಮನೆ ಕೂತರೆ ಅದೇ ಅವರ ಪ್ರಾರ್ಥನೆ. ಟೋಪಿ ತೆಗೆಯುವುದು ದೇವರಿಗೆ ಮಾತ್ರ ಎಂದು, ನ್ಯಾಯಾಧೀಶರ ಮುಂದೆಯೂ ಅದನ್ನು ತೆಗೆಯಲು ಒಪ್ಪದೆ ದಂಡ ಹಾಕಿಸಿಕೊಂಡವನು, ನಂಬಿಕೆಗಾಗಿ ಜೈಲು ಕಂಡವನು. ಆಮೇಲೆ ಅಮೆರಿಕದಲ್ಲಿ ವಸಾಹತು ಕಟ್ಟಿ, ದೇವರನ್ನು ನಂಬುವವರು ತಮ್ಮ ತಮ್ಮ ರೀತಿಯಲ್ಲಿ ಪ್ರಾರ್ಥಿಸಲಿ ಎಂದು ಕಾನೂನು ಬರೆದನಂತೆ.

ನನಗೆ ಅವನು ತುಂಬ ಹಿಡಿಸಿದ. ಕುವೈತ್‌ನಲ್ಲಿ ನಮಗೆ ದೇವಸ್ಥಾನವಿಲ್ಲ. ಇಲ್ಲಿ ವಾರದ ರಜೆ ಶುಕ್ರವಾರ. ಅದು ಬಂತೆಂದರೆ ಸಲ್ವಾದ ನಮ್ಮ ಫ್ಲ್ಯಾಟಿನಲ್ಲಿ ಊರ ಕಡೆಯ ತುಳುವರು ಸೇರಿ, ಕಿಟಕಿ ಮುಚ್ಚಿ, ತಾಳ ಮೆಲ್ಲಗೆ ಬಡಿದು ಭಜನೆ ಮಾಡುತ್ತೇವೆ. ಇನ್ನೊಬ್ಬರ ಸಹನೆಯಲ್ಲಿ ಬದುಕುವುದು ಏನೆಂದು ನನಗೆ ಗೊತ್ತು ಎಂದೇ ನನ್ನ ಜಂಬ. "ನಮ್ಮ ಮನೆಯಲ್ಲೂ ಅವನದೇ ಕಾನೂನು" ಎಂದು ಮಗಳಿಗೆ ಹೇಳಿದೆ.

ಸಾಕ್ಷಿಗೆ ದೇವರ ಕಪಾಟನ್ನೇ ತೋರಿಸಿದೆ. ನಮ್ಮ ಮನೆಕೆಲಸದಾಕೆ ಆಂಧ್ರದ ಕ್ರೈಸ್ತ ಹೆಂಗಸು. ಅವಳು ಈ ದೇಶದಲ್ಲಿರುವ ಪರವಾನಗಿ, ಇಕಾಮಾ, ನನ್ನ ಗಂಡನ ಹೆಸರಲ್ಲಿದೆ, ಅಂದರೆ ಅವಳಿಗೆ ಜವಾಬ್ದಾರರಾದ ಕಫೀಲ್ ನಾವೇ. ಅವಳು ಬಂದ ವಾರವೇ ನಾನು ಏಸುವಿನ ಒಂದು ಫೋಟೋ ತಂದು, ಗಣಪತಿಯ ಪಕ್ಕ ಇಟ್ಟು, ಕುಂಕುಮ ಹಚ್ಚಿ, ಹಾರ ಹಾಕಿ ಆರತಿಯನ್ನೂ ಎತ್ತಿದ್ದೆ. ಭಜನೆಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವಳು ಮಾತ್ರ ಸ್ವಲ್ಪ ಹೊತ್ತು ಫೋಟೋ ನೋಡಿ, "ನಮ್ಮ ಪ್ರಾರ್ಥನೆ ಸಭೆಯಲ್ಲಿ ಫೋಟೋ ಇಡಲ್ಲ ಅಮ್ಮಾ. ಶುಕ್ರವಾರ ಬೆಳಿಗ್ಗೆ ಸಭೆಗೆ ಬಿಟ್ರೆ ಸಾಕು" ಎಂದಿದ್ದಳು.

"ಶುಕ್ರವಾರ ಮನೆ ತುಂಬ ಜನ ಇರ್ತಾರೆ ಮಾರಾಯ್ತಿ. ಬೇರೆ ಯಾವ ದಿನ ಬೇಕಾದ್ರೂ ಹೋಗು" ಎಂದಿದ್ದೆ ನಾನು.

ಅವಳ ಸಭೆ ಸೇರುತ್ತಿದ್ದುದೇ ಶುಕ್ರವಾರ. ನಾವು ರಜೆ ಕೊಡುತ್ತಿದ್ದುದು ಮಂಗಳವಾರ ಸಂಜೆ. ಆಮೇಲೆ ಅವಳು ಮತ್ತೆ ಕೇಳಲಿಲ್ಲ, ನಾನೂ ಮರೆತೆ.

ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಅಮ್ಮಾ, ಹಿ ಓನ್ಡ್ ಸ್ಲೇವ್ಸ್" ಎಂದಳು. ಟೋಪಿಯ ಮಹಾಶಯ ಗುಲಾಮರನ್ನು ಇಟ್ಟುಕೊಂಡಿದ್ದನಂತೆ! ನನಗೆ ಯಾರೋ ನೆಂಟರ ಹುಳುಕು ಹೊರಬಿದ್ದಷ್ಟು ಪೆಚ್ಚಾಯಿತು. "ಆಗಿನ ಕಾಲ ಹಾಗೆ" ಎಂದೆ.

"ಡಿಡ್ ದೇ ಗೆಟ್ ಸಂಡೇ ಆಫ್? ಫಾರ್ ಪ್ರೇಯರ್?"

ಅವಳು ಕುತೂಹಲಕ್ಕೆ ಕೇಳಿದ್ದು, ಕುಟುಕಲು ಅಲ್ಲ. ನನಗೂ ಕುತೂಹಲವಾಗಿ ಫೋನಿನಲ್ಲಿ ಹುಡುಕಿದೆ. ಅವನ ಕಾನೂನಿನ ಬಗ್ಗೆ ಪುಟಗಟ್ಟಲೆ ಇತ್ತು. ಅವನ ಮನೆ ಗುಡಿಸುತ್ತಿದ್ದವರ ಭಾನುವಾರದ ಬಗ್ಗೆ ನನಗೆ ಒಂದು ಸಾಲೂ ಸಿಗಲಿಲ್ಲ. ಅಡಿಗೆಮನೆಯಲ್ಲಿ ನಮ್ಮ ಕೆಲಸದಾಕೆ ಮರುದಿನದ ಭಜನೆಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆಯಾದರೆ ಸಿಟ್ಟು ಬರುವುದು ನನ್ನ ಹುಟ್ಟುಗುಣ. "ಖಲಾಸ್, ಲ್ಯಾಪ್‌ಟಾಪ್ ಮುಚ್ಚು" ಎಂದು ಮಗಳ ಮೇಲೆ ರೇಗಿದೆ. ಆಮೇಲೆ ಅಡಿಗೆಮನೆಗೆ ಹೋಗಿ, "ನಾಳೆಯಿಂದ ಶುಕ್ರವಾರ ನಿನ್ನದು" ಎಂದೆ. ಅವಳು ತುರಿಯುವುದನ್ನು ನಿಲ್ಲಿಸಿ, "ಪ್ರತಿ ಶುಕ್ರವಾರಾನಾ?" ಎಂದು ಎರಡು ಸಲ ಕೇಳಿದಳು.

ಬೆಳಿಗ್ಗೆ ಭಜನೆಯ ಅಡಿಗೆಯನ್ನು ಗಂಡನಿಗೆ ಒಪ್ಪಿಸಿ, ನಾನೇ ಕಾರಿನಲ್ಲಿ ಅವಳನ್ನು ಕರೆದುಕೊಂಡು ಹೋದೆ. ಬಿಟ್ಟು ಬರಬಹುದಿತ್ತು. ಒಳಗೆ ಏನಿದೆಯೋ ನೋಡುವ ಆಸೆ. ಒಂದು ವಿಲ್ಲಾದ ಕೆಳಗಿನ ಹಾಲ್. ಪ್ಲಾಸ್ಟಿಕ್ ಕುರ್ಚಿಗಳು, ಬಿಳಿ ಗೋಡೆ. ಕೈ ಮುಗಿಯಲು ಏನಾದರೂ ಸಿಗುತ್ತದೆಯೇ ಎಂದು ಗೋಡೆಯನ್ನೆಲ್ಲ ಹುಡುಕಿ, ಕೊನೆಗೆ ಹಿಂದಿನ ಕುರ್ಚಿಯಲ್ಲಿ ಕೂತೆ.

ಹಾಡು ಮುಗಿದ ಮೇಲೆ ಅವಳು ಎದ್ದು ತೆಲುಗಿನಲ್ಲಿ ಏನೋ ಹೇಳಿ ನನ್ನತ್ತ ಕೈ ತೋರಿಸಿದಳು. ಸಭೆಯೆಲ್ಲ ತಿರುಗಿ ದೇವರಿಗೆ "ಸ್ತೋತ್ರಂ" ಎಂದಿತು. ನಾನು ಮುಖ್ಯ ಅತಿಥಿಯ ಗತ್ತಿನಲ್ಲಿ ಎಲ್ಲರಿಗೂ ನಮಸ್ಕಾರ ಮಾಡಿದೆ.

ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಸಂತೋಷದಿಂದ ನನ್ನ ಕೈ ಹಿಡಿದು, ಕನ್ನಡದಲ್ಲೇ "ಎರಡು ವರ್ಷದಿಂದ ಪ್ರತಿ ಶುಕ್ರವಾರ ನಿಮಗೋಸ್ಕರ ಪ್ರೇಯರ್ ಮಾಡ್ತಾ ಇದ್ವಿ ಮೇಡಂ" ಎಂದಳು. "ಅವಳು ಫೋನ್ ಮಾಡಿ ಹೇಳ್ತಿದ್ಳು. ನಿಮ್ಮ ಮನಸ್ಸು ಕರಗಲಿ ಅಂತ."